ನನ್ನದು ಬೇರೆ ಮಡಿ

ಮಡಿಯನ್ನು ಗೇಲಿ ಮಾಡಿದವರನ್ನು ಮಡಿ ಸುಮ್ಮನೆ ಬಿಡುವುದಿಲ್ಲ. ಕಾಲೇಜಿನ ದಿನಗಳಲ್ಲಿ ನಾನು ಭಾರೀ ವಿಚಾರವಾದಿ. "ಅನ್ನ ಮುಟ್ಟಿದ ಕೈಲಿ ಉಪ್ಪಿನಕಾಯಿ ಜಾಡಿ ಮುಟ್ಟಬೇಡ್ವೋ, ಮುಸುರೆ!" ಎಂದು ಅಮ್ಮ ಕೂಗಿದರೆ, "ತಾನು ಮುಸುರೆ ಅಂತ ಅನ್ನಕ್ಕೆ ಗೊತ್ತಾ?" ಎಂದು ಕೇಳಿ, ಅದೇ ಕೈಯನ್ನು ಜಾಡಿಗೆ ಹಾಕಿ, ಸಮಾಜವನ್ನು ಒಂದಂಗುಲ ಮುಂದಕ್ಕೆ ತಳ್ಳಿದೆ ಎಂದುಕೊಳ್ಳುತ್ತಿದ್ದೆ. ಈಗ ತಲೆ ನೆರೆತ ಮೇಲೆ, ಅದೇ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಚಪಾತಿ ಮುಟ್ಟಿದ ಕೈಲಿ ನನ್ನ ತುಪ್ಪದ ಮಿಳ್ಳೆ ಮುಟ್ಟಿದ್ದು ಯಾರು?" ಎಂದು ಗುಡುಗುವವನು ನಾನೇ.

ಕಾರಣ, ಸೀಲಿಯಾಕ್ ಎಂಬ ಕಾಯಿಲೆ. ಹೊಟ್ಟೆಯುಬ್ಬರ, ಸುಸ್ತು, ಏನು ತಿಂದರೂ ಏರದ ಹಿಮೋಗ್ಲೋಬಿನ್, ಎಲ್ಲಕ್ಕೂ 'ಗ್ಯಾಸ್' ಎಂದು ಹೆಸರಿಟ್ಟು ವರ್ಷಗಟ್ಟಲೆ ಜೀರಿಗೆ ಕಷಾಯ ಕುಡಿದದ್ದಾಯಿತು. ಆಮೇಲೆ ರಕ್ತಪರೀಕ್ಷೆ, ಎಂಡೋಸ್ಕೋಪಿ, ಸಣ್ಣಕರುಳಿನ ಚೂರು ತೆಗೆದು ಬಯಾಪ್ಸಿ. ಗೋಧಿ, ಬಾರ್ಲಿ, ರೈ, ಇವುಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಒಳಗೆ ಹೋದರೆ ಸಾಕು, ಮೈಯ ಕಾವಲು ಪಡೆ ರೋಗಾಣುಗಳನ್ನು ಬಿಟ್ಟು ನನ್ನ ಕರುಳಿನ ಮೇಲೆಯೇ ಲಾಠಿ ಬೀಸುತ್ತದೆ. ಊಟದ ಸಾರ ಹೀರಬೇಕಾದ ಎಳೆಗಳು ಸವೆದು ಮಟ್ಟಸವಾಗುತ್ತವೆ. "ಇದಕ್ಕೆ ಮಾತ್ರೆ ಇಲ್ಲ, ಜೀವನಪೂರ್ತಿ ಪಥ್ಯ" ಎಂದರು ಡಾಕ್ಟರು. ನನಗೆ ನಗು ಬಂತು. ಹಳೇ ಮೈಸೂರಿನವನಿಗೆ ಗೋಧಿ ಬಿಡುವುದೂ ಒಂದು ತ್ಯಾಗವೇ? ಅಕ್ಕಿಯಿದೆ, ರಾಗಿಯಿದೆ, ಜೋಳವಿದೆ. ಅಳುವುದಿದ್ದರೆ ಪಂಜಾಬಿನವರು ಅಳಲಿ.

ಆ ನಗು ಹೋಟೆಲಿನ ಬಾಗಿಲವರೆಗೆ ಬಾಳಿತು. ಉಪ್ಪಿಟ್ಟು ರವೆ, ರವೆ ಎಂದರೆ ಗೋಧಿ. ಚೌಚೌ ಬಾತ್ ಕೇಳೋಣವೆಂದರೆ ತಟ್ಟೆಯ ಈ ಬದಿ ಖಾರಾಬಾತು, ಆ ಬದಿ ಕೇಸರಿಬಾತು, ಎರಡೂ ನಿಷಿದ್ಧ. ಇಡ್ಲಿಯಾದರೂ ನಮ್ಮದಲ್ಲವೇ ಎಂದರೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಎಂ.ಟಿ.ಆರ್.ನವರು ರವೆಯಲ್ಲೇ ಇಡ್ಲಿ ಮಾಡಿದರಂತೆ. ನನಗೆ ಪ್ರಿಯವಾದದ್ದು ಅದೇ. ಮದ್ದೂರು ವಡೆ, ಪೂರಿ, ಚಿರೋಟಿ, ಹೋಳಿಗೆಯ ಕಣಕ, ಎಲ್ಲವೂ ಹೋದವು. ಮೈಸೂರುಪಾಕು ಕಡಲೆಹಿಟ್ಟಿನದು ಎಂಬ ಒಂದೇ ಕಾರಣಕ್ಕೆ ನಾನಿನ್ನೂ ಈ ಊರಲ್ಲಿದ್ದೇನೆ.

ಸರಿ, ಮನೆಯ ಅಡುಗೆಯೇ ಲೇಸೆಂದು ಸೌಟು ನಾನೇ ಹಿಡಿದೆ. ಮೊದಲ ದಿನವೇ ಒಗ್ಗರಣೆಯಲ್ಲಿ ಶತ್ರು. ಇಂಗಿನ ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಕನ್ನಡಕ ಹಾಕಿ ಓದಿದರೆ, ಇಂಗಿನ ಜೊತೆಗೆ ಮೈದಾ! ಬರೀ ಇಂಗು ತೀರಾ ಘಾಟು, ಅಂಟು. ಹಾಗಾಗಿ ಹಿಟ್ಟು ಬೆರೆಸಿಯೇ ಮಾರುತ್ತಾರೆ. ಅಂದಮೇಲೆ ಸಾರು, ಹುಳಿ, ಉಪ್ಪಿನಕಾಯಿ, ಹಪ್ಪಳ, ಪುಳಿಯೋಗರೆ ಗೊಜ್ಜು, ಅಂಗಡಿಯ ಸಾರಿನ ಪುಡಿ, ಎಲ್ಲರ ಮೇಲೂ ಅನುಮಾನ. ಗಿರಣಿಗೆ ರಾಗಿ ಒಯ್ದರೆ, ನನಗಿಂತ ಮುಂಚೆ ಯಾರ ಗೋಧಿ ಬಿತ್ತೆಂದು ವಿಚಾರಣೆ ನಡೆಸುತ್ತೇನೆ. ಗಿರಣಿಯವನು ಈಗ ನನ್ನನ್ನು ಕಂಡರೆ ಕರೆಂಟ್ ಇಲ್ಲ ಎನ್ನುತ್ತಾನೆ. ಪೊಟ್ಟಣದ ಮೇಲೆ ಗ್ಲುಟೆನ್ ಮುಕ್ತ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂದು ನಮ್ಮ ಸರ್ಕಾರದ ನಿಯಮ. ಅಜ್ಜಿಯ ಮಡಿಯೂ ಇಷ್ಟು ಬಿಗಿಯಾಗಿರಲಿಲ್ಲ. ಪ್ರಯಾಣದಲ್ಲಿ ಆಕೆ "ದಾರೀಲಿ ದೋಷ ಇಲ್ಲ" ಎಂದು ತೀರ್ಪು ಕೊಟ್ಟು ಬಸ್‌ಸ್ಟ್ಯಾಂಡಿನ ಕಾಫಿ ಕುಡಿಯುತ್ತಿದ್ದಳು. ನನ್ನ ಮಡಿಗೆ ಆ ರಿಯಾಯಿತಿಯೂ ಇಲ್ಲ.

ರೊಟ್ಟಿಯ ಮಾತು ಬೇರೆ. ಹಿಟ್ಟನ್ನು ಹಿಡಿದಿಟ್ಟು ಜಗ್ಗಿದಂತೆ ಜಗ್ಗಿಸುವುದೇ ಗ್ಲುಟೆನ್. ಜೋಳದಲ್ಲಿ ಅದಿಲ್ಲ, ಕುದಿಯುವ ನೀರು ಹಾಕಿ ನಾದಿದರಷ್ಟೇ ಜಿಗುಟು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಮಾತಾಡುತ್ತಾ ತಟ್ಟುವುದನ್ನು ನಾನು ಉಸಿರು ಬಿಗಿಹಿಡಿದು ತಟ್ಟುತ್ತೇನೆ. ಹೆಂಡತಿ ತಟ್ಟೆಯನ್ನು ನೋಡಿ, "ಮುರಿಯೋ ಕಷ್ಟ ಇಲ್ಲ ಬಿಡಿ, ನೀವೇ ಮುರಿದು ಬಡಿಸಿದೀರಿ" ಎಂದಳು.

ನಿಜವಾದ ಯುದ್ಧ ನಡೆಯುವುದು ಶನಿವಾರ ರಾತ್ರಿ. ಅಮ್ಮನಿಗೆ ಅಂದು ಒಪ್ಪತ್ತು. ಅನ್ನ ಮುಸುರೆ, ಅದು ಕೂಡದು. ಗೋಧಿಯ ಉಪ್ಪಿಟ್ಟು, ಚಪಾತಿ ಆಗಬಹುದು. ನನಗೆ ಅನ್ನ ಪರಮ ಪವಿತ್ರ, ಗೋಧಿ ಮುಸುರೆ. ಒಂದೇ ಒಲೆಕಟ್ಟೆಯ ಮೇಲೆ ಎರಡು ಸಂಪ್ರದಾಯ. ನನ್ನ ಕಾವಲಿ, ನನ್ನ ಸೌಟು, ನನ್ನ ಜರಡಿಗಳಿಗೆ ಕೆಂಪು ದಾರ ಕಟ್ಟಿದ್ದೇನೆ. ಅವು ತನ್ನ ಉಪ್ಪಿಟ್ಟಿಗೆ ತಗುಲದಂತೆ ಅಮ್ಮ ಸೆರಗು ಎತ್ತಿಹಿಡಿದು ಓಡಾಡುತ್ತಾಳೆ. ಅತ್ತ ಮುಟ್ಟಿದರೆ ಅತ್ತೆ, ಇತ್ತ ಮುಟ್ಟಿದರೆ ಗಂಡ. ಹೆಂಡತಿ ಒಂದು ದಿನ ಕೈ ತೊಳೆದುಕೊಂಡು, "ನಿಮ್ಮಿಬ್ಬರ ಮಡಿಗೂ ಸಲ್ಲೋದು ಈ ಮನೇಲಿ ಬಾಳೆಹಣ್ಣೊಂದೇ. ಹಂಚ್ಕೊಂಡು ತಿನ್ನಿ. ನಾನು ಹೊರಗೆ ಮಸಾಲೆದೋಸೆ ತಿಂದು ಬರ್ತೀನಿ" ಎಂದು ಚಪ್ಪಲಿ ಮೆಟ್ಟಿದಳು.

"ಒಂದು ಚಿಟಿಕೆಗೆ ಏನಾಗತ್ತೋ?" ಎಂಬುದು ಅಮ್ಮನ ನಿತ್ಯದ ಪ್ರಶ್ನೆ. ವಿಜ್ಞಾನದಿಂದಲೇ ಬಾಯಿ ಮುಚ್ಚಿಸೋಣವೆಂದು ಕೂರಿಸಿಕೊಂಡು ಹೇಳಿದೆ: ಹಾಲೆಂಡಿನಲ್ಲಿ ವಿಲ್ಲೆಮ್ ಡಿಕೆ ಎಂಬ ಮಕ್ಕಳ ವೈದ್ಯರಿದ್ದರು. ಗೋಧಿಯ ಮೇಲೆ ಅವರಿಗೆ ಮೊದಲೇ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಅಲ್ಲಿ ಕ್ಷಾಮ, ಬ್ರೆಡ್ಡೇ ಇಲ್ಲ. ಊರೆಲ್ಲ ಸೊರಗಿದರೆ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡವು. ಬ್ರೆಡ್ಡು ಮರಳಿದ್ದೇ ತಡ, ಮತ್ತೆ ಮಲಗಿದವು. ಅವರ ಅನುಮಾನ ಗಟ್ಟಿಯಾಯಿತು. ಅಮ್ಮ ಕಣ್ಣರಳಿಸಿ ಕೇಳಿ, "ನೋಡಿದ್ಯಾ, ಉಪವಾಸ ಒಳ್ಳೇದು ಅಂತ ನಾನು ಮೊದಲಿಂದ ಹೇಳ್ತಿರಲಿಲ್ವಾ?" ಎಂದಳು.

ಹೋದ ಹುಣ್ಣಿಮೆಗೆ ಮನೆಯಲ್ಲಿ ಸತ್ಯನಾರಾಯಣ ಪೂಜೆ. ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು, ಎಲ್ಲ ಸವ್ವಾಪಾಲು ಹಾಕಿದ ಸಪಾದಭಕ್ಷ್ಯದ ಘಮ. ಪ್ರಸಾದ ಬಿಟ್ಟದ್ದಕ್ಕೆ ಹಡಗೇ ಮುಳುಗಿದ ಕಥೆಯನ್ನು ಆಗತಾನೇ ಕೈಮುಗಿದು ಕೇಳಿದ್ದೆವು. ಭಟ್ಟರು ಉಂಡೆ ಹಿಡಿದು ನನ್ನತ್ತ ಕೈಚಾಚಿದರು. ದೇವರಿಗೆ ಹೆದರಲೋ ಕರುಳಿಗೆ ಹೆದರಲೋ ತಿಳಿಯದೆ ನಿಂತಿದ್ದಾಗ ಅಮ್ಮನೇ ಅಡ್ಡ ಬಂದಳು: "ಅವನಿಗೆ ಬೇಡಿ ಭಟ್ಟರೇ. ಅವನದು ಬೇರೆ ಮಠ. ಗೋಧಿ ಮುಟ್ಟೋ ಹಾಗಿಲ್ಲ, ಇಂಗೂ ನಡೆಯಲ್ಲ. ನಮ್ಮತ್ತೆಗಿಂತ ಹೆಚ್ಚು ಮಡಿ."

ಭಟ್ಟರು ಕೈ ಹಿಂದೆಗೆದು ನನ್ನನ್ನು ಭಕ್ತಿಯಿಂದ ನೋಡಿ, ಬರೀ ತೀರ್ಥ ಕೊಟ್ಟು, ತಗ್ಗಿದ ದನಿಯಲ್ಲಿ ವಿಚಾರಿಸಿದರು: "ತಮ್ಮ ಮಠದಲ್ಲಿ ದಕ್ಷಿಣೆಗೇನೂ ನಿಷೇಧ ಇಲ್ಲವಷ್ಟೆ?"