ಮೂವತ್ತೊಂದು ಪ್ಲಗಿನ್‌ಗಳ ಯಜಮಾನರು

ನಮ್ಮ ಬಡಾವಣೆಯ ಕನ್ನಡ ಸಂಘದ ಕಾರ್ಯದರ್ಶಿಗಳು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಸಂಘದ ವೆಬ್‌ಸೈಟಿಗೂ ಅವರೇ ಯಜಮಾನರು. ಅದರಲ್ಲಿ ಪುಟಗಳು ನಾಲ್ಕು, ಪ್ಲಗಿನ್‌ಗಳು ಮೂವತ್ತೊಂದು. ಬಂದುಹೋಗುವವರನ್ನು ಎಣಿಸುವುದಕ್ಕೂ ಒಂದಿದೆ. ಅದರ ಲೆಕ್ಕದಲ್ಲಿ ದಿನಕ್ಕೆ ಹನ್ನೊಂದು ಭೇಟಿ. ಒಂಬತ್ತು ಇವರದೇ ಇರಬೇಕೆಂದು ಖಜಾಂಚಿಗಳ ಗುಮಾನಿ.

ಸೈಟ್ ಕಟ್ಟಿರುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ. ಅದರ ಭಂಡಾರದಲ್ಲಿ ಸಾವಿರಾರು ಪ್ಲಗಿನ್‌ಗಳು, ಅಂದರೆ ಸೈಟಿಗೆ ಹೊಸ ಕೆಲಸ ಕಲಿಸುವ ತುಣುಕುಗಳು, ಪುಕ್ಕಟೆ ಸಿಗುತ್ತವೆ. ಮದುವೆಮನೆ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿಯದವರನ್ನು ನೋಡಿದ್ದೀರಲ್ಲ, ಇವರು ಅಂಥವರು. ‘ಹಲೋ ಡಾಲಿ’ ಅಂತ ಒಂದಿದೆ, ವರ್ಡ್‌ಪ್ರೆಸ್ ಕಟ್ಟಿದವರಲ್ಲೊಬ್ಬರಾದ ಮ್ಯಾಟ್ ಮುಲ್ಲೆನ್‌ವೆಗ್ ಬರೆದದ್ದು. ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ ಒಂದು ಹಾಡಿನ ಸಾಲನ್ನು ಒಳಪುಟದ ಮೂಲೆಯಲ್ಲಿ ತೋರಿಸುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಅದನ್ನೂ ತೆಗೆದಿಲ್ಲ. “ಪಾಪ, ಮೊದಲಿಂದ ಇದೆ, ಇರಲಿ ಬಿಡಿ.”

ಎಲ್ಲವೂ ದಂಡವೆನ್ನಲಾರೆ. 2005ರಲ್ಲಿ ಬಂದ ಅಕಿಸ್ಮೆಟ್ ಕಾವಲಿಗಿಲ್ಲದಿದ್ದರೆ ನಮ್ಮ ಕವಿಗೋಷ್ಠಿಯ ವರದಿಯ ಕೆಳಗೆ ಗುಳಿಗೆ ಮಾರುವವರೂ ಜೂಜಿನವರೂ ಸಂತೆ ಹೂಡುತ್ತಿದ್ದರು.

ಆದರೆ ಆ ಎಸ್‌ಇಒ ಪ್ಲಗಿನ್! ಬರೆದದ್ದು ಗೂಗಲ್‌ಗೆ ಒಪ್ಪುವಂತಿದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ಹಿರಿಯ ಸದಸ್ಯರೊಬ್ಬರು ತೀರಿಕೊಂಡಾಗ ಇವರು ನಾಲ್ಕು ಸಾಲಿನ ಶ್ರದ್ಧಾಂಜಲಿ ಬರೆದರು. ಕೆಂಪು. ಮುಖ್ಯ ಪದ ಸಾಲದಂತೆ. ಮೊದಲ ಸಾಲಿಗೊಂದು ‘ನಿಧನ’ ಸೇರಿಸಿದರು, ತಲೆಬರಹಕ್ಕೊಂದು, ಫೋಟೋದ ಕೆಳಗೊಂದು. ಏಳನೆಯ ನಿಧನಕ್ಕೆ ದೀಪ ತಿರುಗಿತು. ನನಗೆ ಫೋನ್ ಬಂತು: “ಹಸಿರು ಬಂತು ರೀ!” ಹಿಂದೆಯೇ ದನಿ ತಗ್ಗಿಸಿ, “ತುಂಬಾ ಒಳ್ಳೆ ಮನುಷ್ಯ.”

ಕಳೆದ ರಾಜ್ಯೋತ್ಸವದ ಹಿಂದಿನ ರಾತ್ರಿ ಎಲ್ಲ ಪ್ಲಗಿನ್‌ಗೂ ಗುರುತು ಹಾಕಿ ಒಟ್ಟಿಗೇ ಅಪ್‌ಡೇಟ್ ಒತ್ತಿದ್ದಾರೆ. ಆಹ್ವಾನಪತ್ರಿಕೆ ಮಾಯ, ಬಿಳಿ ಪುಟ, ನಡುವೆ ಗಂಭೀರ ದೋಷವೆಂಬ ಒಂದೇ ಸಾಲು. 2019ರ 5.2ನೇ ಆವೃತ್ತಿಯಿಂದ ಇಂಥ ಹೊತ್ತಿನಲ್ಲಿ ವರ್ಡ್‌ಪ್ರೆಸ್ಸೇ ಒಳಹೋಗುವ ಕೊಂಡಿಯನ್ನು ಮೇಲ್ ಮಾಡುತ್ತದೆ. ಮಾಡಿತ್ತು ಕೂಡ, ಚುನಾವಣೆಯಲ್ಲಿ ಸೋತ ಹಿಂದಿನ ಕಾರ್ಯದರ್ಶಿಯ ವಿಳಾಸಕ್ಕೆ. ಅವರಿಗೂ ಇವರಿಗೂ ಮಾತಿಲ್ಲ. ಬ್ಯಾಕಪ್ ಪ್ಲಗಿನ್ ಎರಡಿದ್ದವು. ಎರಡೂ ತಮ್ಮ ಪ್ರತಿಗಳನ್ನು ಅದೇ ಸೈಟಿನೊಳಗೆ ಜೋಪಾನ ಮಾಡಿದ್ದವು, ಬೀಗದಕೈಯನ್ನು ಪೆಟ್ಟಿಗೆಯಲ್ಲೇ ಇಟ್ಟು ಬೀಗ ಜಡಿದ ಹಾಗೆ.

ಕೊನೆಗೆ ನನ್ನ ಮಗಳು ಸರ್ವರ್‌ಗೆ ಹೋಗಿ ಪ್ಲಗಿನ್‌ಗಳಿದ್ದ ಫೋಲ್ಡರಿನ ಹೆಸರು ಬದಲಿಸಿದಳು. ಮೂವತ್ತೊಂದೂ ಒಟ್ಟಿಗೆ ಮಲಗಿದವು, ಸೈಟ್ ಎದ್ದು ಕೂತಿತು. ಚಿಟಿಕೆ ಹೊಡೆಯುವಷ್ಟರಲ್ಲಿ ತೆರೆದುಕೊಂಡ ಪುಟವನ್ನು ಕಾರ್ಯದರ್ಶಿಗಳು ಕನ್ನಡಕ ಒರೆಸಿ ಮತ್ತೆ ನೋಡಿದರು.

“ಇಷ್ಟು ಬೇಗ ಬರುತ್ತಲ್ಲಮ್ಮ, ಯಾವ ಪ್ಲಗಿನ್ ಹಾಕಿದೆ?”

ಈಗ ಮೂವತ್ತೆರಡಿವೆ. ಹೊಸದು ಉಳಿದ ಮೂವತ್ತೊಂದರ ಮೇಲೆ ಕಣ್ಣಿಟ್ಟಿರುತ್ತದಂತೆ.