ರೋಗಿದಕ್ಷಿಣಾ ಮೀಮಾಂಸೆ

ದಕ್ಷಿಣೆಯಿಲ್ಲದ ಯಜ್ಞವು ಅಪೂರ್ಣವೆಂಬುದು ಶಿಷ್ಟಸಮ್ಮತವಾಗಿರಲು, ಆಂಗ್ಲದೇಶದ ವೈದ್ಯಸಂಶೋಧನೆಯೆಂಬ ಮಹಾಯಜ್ಞದಲ್ಲಿ ಋತ್ವಿಜರಿಗೆಲ್ಲ ತಿಂಗಳ ಸಂಬಳ ಸಂದು, ಯಾರ ಕೀಲುನೋವಿನ ನಿಮಿತ್ತವಾಗಿ ಅಗ್ನಿಯು ಪ್ರತಿಷ್ಠಿತವಾಯಿತೋ ಸಂಶೋಧನೆಯು ಹೇಗಿರಬೇಕೆಂದು ಸಲಹೆ ಹೇಳಲು ಬಂದ ಆ ರೋಗಿಯು ಮಾತ್ರ ಒಂದು ಬಟ್ಟಲು ಚಹಾ, ಎರಡು ಬಿಸ್ಕತ್ತುಗಳಿಂದಲೇ ತೃಪ್ತನಾಗತಕ್ಕದ್ದೆಂಬ ಸಂಪ್ರದಾಯವು ಹೇಗೆ ನೆಲೆಗೊಂಡಿತೆಂಬುದು ಈ ಗ್ರಂಥದ ವಿಚಾರ್ಯವಿಷಯವು.

ಇತಿಹಾಸಪ್ರಿಯರು 1747ರಲ್ಲಿ ಸಾಲಿಸ್‌ಬರಿಯೆಂಬ ಹಡಗಿನಲ್ಲಿ ಜೇಮ್ಸ್ ಲಿಂಡನು ಸ್ಕರ್ವಿಪೀಡಿತರಾದ 12 ನಾವಿಕರನ್ನು ಜೋಡಿಜೋಡಿಯಾಗಿ ವಿಂಗಡಿಸಿ, ಒಂದು ಜೋಡಿಗೆ ಕಿತ್ತಳೆ-ನಿಂಬೆಗಳನ್ನೂ ಮತ್ತೊಂದಕ್ಕೆ ಸಮುದ್ರದ ನೀರನ್ನೂ ಕೊಟ್ಟುದನ್ನು, ರೋಗಿಯು ಸಂಶೋಧನೆಯಲ್ಲಿ ಪಾಲ್ಗೊಂಡುದಕ್ಕೆ ಆದಿಪ್ರಮಾಣವಾಗಿ ಉದಾಹರಿಸುವರು. ಆ ನಾವಿಕರಿಗೆ ಸಂದ ಹಣ್ಣಾಗಲಿ ನೀರಾಗಲಿ ದಕ್ಷಿಣೆಯಲ್ಲ. ಪ್ರಯೋಗಕ್ಕೊಳಗಾಗುವವನು ಬೇರೆ, ಪ್ರಯೋಗವು ಹೇಗಿರಬೇಕೆಂದು ಹೇಳುವವನು ಬೇರೆ; ನಮ್ಮ ವಿಚಾರವು ಎರಡನೆಯವನದು. ಉಪ್ಪುನೀರು ಕುಡಿದವರ ಅಭಿಪ್ರಾಯವನ್ನು ಮೊದಲೇ ಕೇಳಿದ್ದರೆ ಜೋಡಿಗಳ ಸಂಖ್ಯೆಯೇ ಕಡಮೆಯಾಗುತ್ತಿತ್ತೆಂದು ನಮ್ಮ ಊಹೆ.

ಸಲಹೆಗಾಗಿ ಹಣ ಪಡೆದೊಡನೆ ಸಾಮಾನ್ಯನ ಸಾಮಾನ್ಯತ್ವವು ನಷ್ಟವಾಗಿ, ಅವನ ಮಾತು ಕೂಲಿಯ ಮಾತಾಗುವುದೆಂದು ಪೂರ್ವಪಕ್ಷಿಗಳು ವಾದಿಸುವರು. ಆಚಾರ್ಯರ ಸತ್ಯನಿಷ್ಠೆಯು ಮಾಸಾಂತ್ಯದ ಸಂಬಳದಿಂದ ಎಳ್ಳಷ್ಟೂ ಮಾಸದಿರುವಾಗ ರೋಗಿಯದು ಮಾತ್ರ ಮಾಸುವುದು ಏಕೆಂಬ ಪ್ರಶ್ನೆಗೆ ಅವರು ಗಡಿಯಾರವನ್ನು ನೋಡಿಕೊಳ್ಳುವರು. ರೋಗಿಯ ಮಾತಿನ ಬೆಲೆಗೆ ದೃಷ್ಟಾಂತವಾಗಿ, ಸಂಧಿವಾತದ ವೃದ್ಧೆಯೊಬ್ಬಳು, ಹೊಸ ಮಾತ್ರೆಯ ಶೀಶೆಯನ್ನು ಮೇಜಿನ ಮೇಲಿರಿಸಿ, ಒತ್ತಿ ತಿರುಗಿಸಬೇಕಾದ ಆ ಮುಚ್ಚಳವು ತನ್ನ ಬೆರಳುಗಳಿಗೆ ಜಗ್ಗದೆಂದು ಏಳು ಮಂದಿ ವಿದ್ವಾಂಸರೆದುರು ತೋರಿಸಿಕೊಟ್ಟಳೆನ್ನಿ: ಮಾತ್ರೆಯ ರಸಾಯನವನ್ನೆಲ್ಲ ಬಲ್ಲ ಆ ಸಭೆಗೆ ಅದು ಹೊಟ್ಟೆಗೆ ಹೋಗುವ ಬಗೆಯನ್ನು ತಿಳಿಸಿದವಳು ಅವಳೊಬ್ಬಳೇ.

ಆಂಗ್ಲದೇಶದ ರಾಷ್ಟ್ರೀಯ ಆರೋಗ್ಯ ಮತ್ತು ಆರೈಕೆ ಸಂಶೋಧನಾ ಸಂಸ್ಥೆಯು ಇಂತಹ ಜ್ಞಾನಕ್ಕೆ ಗಂಟೆಗೆ 25, ಅರ್ಧದಿನಕ್ಕೆ 75, ಪೂರ್ಣದಿನಕ್ಕೆ 150 ಪೌಂಡುಗಳ ದರವನ್ನು ಸೂಚಿಸಿರುವುದು ಶ್ಲಾಘ್ಯವು. ಆದರೆ ದರವು ಸೂತ್ರಮಾತ್ರ; ಭಾಷ್ಯವನ್ನು ಬರೆಯುವವರು ಲೆಕ್ಕಪತ್ರ ವಿಭಾಗದವರು. ಗಂಟೆಯೊಂದರ ಮಾತಿಗಾಗಿ ಪಾಸ್‌ಪೋರ್ಟು ತೋರಿಸು, ಬ್ಯಾಂಕಿನ ವಿವರ ಬರೆ, ಬಸ್ಸಿನ ಚೀಟಿಯನ್ನು ಅಂಟಿಸು ಎಂಬ ವಿಧಿಗಳೆಲ್ಲ ಮುಗಿದು ಕಾಸು ಕೈಸೇರುವಷ್ಟರಲ್ಲಿ, ಅದು ವರಮಾನವೆಂದು ತೆರಿಗೆಯವರೂ, ಸರ್ಕಾರದ ನೆರವು ಪಡೆಯುವ ರೋಗಿಯಾದರೆ ಆ ಕಚೇರಿಯವರೂ ಲೆಕ್ಕ ಕೇಳುವರು. ಉಡುಗೊರೆಯ ಚೀಟಿಯನ್ನಿತ್ತು ನುಣುಚಿಕೊಳ್ಳೋಣವೆಂದರೆ, ಅದೂ ವರಮಾನವೇ! ಹೀಗಾಗಿ ನೆರವಿನಿಂದ ಬದುಕುವ ಬಡರೋಗಿಯು ಸಭೆಯಿಂದಲೇ ದೂರವುಳಿದು, ಹಣದ ಅವಶ್ಯಕತೆಯಿಲ್ಲದ ನಿವೃತ್ತರೇ ಪ್ರಜಾಪ್ರತಿನಿಧಿಗಳಾಗಿ ಮಂಡಿಸುವುದೂ ಉಂಟು.

ಆದ್ದರಿಂದ ನಮ್ಮ ಸಿದ್ಧಾಂತವಿದು: ಬಸ್ಸಿನ ಹಣವನ್ನು ಮುಂಗಡವಾಗಿಯೂ, ಸಂಭಾವನೆಯನ್ನು ತಡಮಾಡದೆಯೂ ಸಲ್ಲಿಸತಕ್ಕದ್ದು, ನಮೂನೆಗಳನ್ನು ಸಂಸ್ಥೆಯ ಸಂಬಳದವರೇ ತುಂಬತಕ್ಕದ್ದು, ಬಿಸ್ಕತ್ತನ್ನು ಲೆಕ್ಕಕ್ಕೆ ಹಿಡಿಯಕೂಡದು.