ಕರೆಂಟೂ, ಹುಡುಗರೂ

ಮಸೂತಿ ಊರಿನ ಚಹಾದಂಗಡಿ. ಕಾಕಾನ ಕೈಯಾಗ ಬಸಿ, ತಮ್ಮನ ಕೈಯಾಗ ಮೊಬೈಲ್.

“ಎಂಎ, ಬಿಎಡ್ ಮುಗಿಸಿದಿ. ಈಗೇನ್ ಮಾಡ್ತೀ ತಮ್ಮಾ?”

“ಚರ್ಚಾ ಮಾಡ್ತೀನ್ರಿ ಕಾಕಾ.”

“ಎದರ ಮ್ಯಾಲೆ?”

“ನಿರುದ್ಯೋಗದ ಮ್ಯಾಲೆ. ವಾಟ್ಸಾಪ್ ಗ್ರೂಪಿಗೆ ನಾನೇ ಅಡ್ಮಿನ್.”

“ಪಗಾರ?”

“ದಿನಕ್ಕ ಒಂದೂವರೆ ಜಿಬಿ. ಅದೂ ಅಪ್ಪನ ರೀಚಾರ್ಜು.”

“ಸರ್ಕಾರಿ ನೌಕರಿ?”

“371ಜೆ ಮೀಸಲಾತಿ ಬಾಜೂ ಕಲಬುರಗಿಗೆ ಐತ್ರಿ, ನಮ್ಮ ವಿಜಯಪುರಕ್ಕ ಇಲ್ಲ.”

“ಮತ್ತ ಬಿಸಿಲು?”

“ಅದಷ್ಟ ಇಬ್ಬರಿಗೂ ಸಮಪಾಲು!”

“ಇಲ್ಲೇ ಕೂಡಗಿಯೊಳಗ 2400 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ಐತಲ್ಲೋ…”

ಅಷ್ಟರಾಗ ಫ್ಯಾನ್ ನಿಂತಿತು.

“ಅಯ್ಯ, ಕರೆಂಟ್ ಹೋತು!”

“ಹೋಗಲಿ ಬಿಡ್ರಿ ಕಾಕಾ. ಈ ಸೀಮಿಯೊಳಗ ಹುಟ್ಟಿದ್ದು ಇಲ್ಲೆಲ್ಲಿ ನಿಲ್ತೈತ್ರಿ? ಕರೆಂಟೂ ಹೊರಗ, ಹುಡುಗರೂ ಹೊರಗ.”

“ಮತ್ತ ನೀ?”

“ನಾಳೆ ಬೆಂಗಳೂರು ಬಸ್ಸಿಗೆ ಸೀಟ್ ಹಿಡದೀನ್ರಿ. ಚರ್ಚಾ ಅಲ್ಲಿಂದ ಮುಂದುವರಿಸ್ತೀನಿ!”